ಮಾರುತ್: ಮೈ ಸಿದ್ಧವಾಯಿತು, ಎಂಜಿನ್ ಬರಲಿಲ್ಲ

ಒಂದೊಂದು ಎಂಜಿನ್ 3,700 ಕೆಜಿ ನೂಕುಬಲ ಕೊಡುತ್ತದೆ ಅಂತ ಲೆಕ್ಕ ಹಾಕಿ ಆ ವಿಮಾನದ ವಿನ್ಯಾಸ ಮಾಡಿದ್ದರು. ಅಂಥ ಎರಡು ಎಂಜಿನ್, ಒಟ್ಟು 7,400 ಕೆಜಿ. ಕೊನೆಗೆ ಕೈಗೆ ಬಂದ ಎಂಜಿನ್ ಕೊಟ್ಟಿದ್ದು ತಲಾ 2,200 ಕೆಜಿ, ಒಟ್ಟು 4,400. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ಹಣೆಬರಹವೆಲ್ಲ ಈ 3,000 ಕೆಜಿ ಕೊರತೆಯಲ್ಲಿದೆ.

ಮಾರುತ್ ಬಗ್ಗೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಅದೊಂದು ಸೋತ ಯೋಜನೆ ಅನ್ನುವವರಿದ್ದಾರೆ. ದೇಶದ ಹೆಮ್ಮೆ, ಅದನ್ನು ಟೀಕಿಸಬಾರದು ಅನ್ನುವವರೂ ಇದ್ದಾರೆ. ಎರಡರಲ್ಲೂ ನಿಜವಾಗಿ ಏನು ನಡೆಯಿತು ಅನ್ನೋದು ಮರೆಯಾಗುತ್ತದೆ. ಕಾರ್ಖಾನೆಯಲ್ಲಿ ಆಗಬೇಕಿದ್ದ ಕೆಲಸ ಬಹುಪಾಲು ಚೆನ್ನಾಗಿಯೇ ಆಯಿತು ಅಂತ ನಾನು ನಂಬಿದ್ದೇನೆ. ಕೈಕೊಟ್ಟಿದ್ದು ಎಂಜಿನ್ ಕುರಿತ ತೀರ್ಮಾನಗಳು. ಅದೂ ಒಂದು ತೀರ್ಮಾನವಲ್ಲ, ಒಂದರ ಹಿಂದೆ ಒಂದು.

ಎಚ್‌ಟಿ-2ರಿಂದ ಮ್ಯಾಕ್ 2ಕ್ಕೆ

1950ರ ದಶಕದ ನಡುವಿನಲ್ಲಿ ವಾಯುಪಡೆ ಕೇಳಿದ್ದು ಸಾಮಾನ್ಯ ವಿಮಾನವನ್ನಲ್ಲ. ಶಬ್ದದ ಎರಡು ಪಟ್ಟು ವೇಗ, ಅಂದರೆ ಮ್ಯಾಕ್ 2. ಏರಬೇಕಾದ ಎತ್ತರ 60,000 ಅಡಿ. ಸುಮಾರು 800 ಕಿಲೋಮೀಟರ್ ದೂರ ಹೋಗಿ, ಕಾದಾಡಿ, ವಾಪಸ್ ಬರಬೇಕು. ಎತ್ತರದಲ್ಲಿ ಶತ್ರುವಿಮಾನವನ್ನು ತಡೆಯಬೇಕು, ಕೆಳಗೆ ಹಾರುತ್ತಾ ನೆಲದ ಗುರಿಗಳ ಮೇಲೆ ದಾಳಿಯನ್ನೂ ಮಾಡಬೇಕು. ಆಗ ದೊಡ್ಡ ದೊಡ್ಡ ದೇಶಗಳೇ ಈ ಮಟ್ಟವನ್ನು ಮುಟ್ಟಲು ಒದ್ದಾಡುತ್ತಿದ್ದವು.

ಕೇಳಿದ್ದು ಯಾರನ್ನು ಅಂತಲೂ ನೋಡಬೇಕು. ಎಚ್‌ಎಎಲ್ ಶುರುವಾಗಿದ್ದು 1940ರಲ್ಲಿ. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ಸಂಸ್ಥೆ ಅದು. ಯುದ್ಧಕಾಲದಲ್ಲಿ ವಿಮಾನಗಳ ದುರಸ್ತಿ ಮಾಡಿ ಪಳಗಿತ್ತು. ಆಮೇಲೆ ಪರವಾನಗಿ ಪಡೆದು ವ್ಯಾಂಪೈರ್ ಜೆಟ್‌ಗಳನ್ನೂ ಕಟ್ಟಿತ್ತು. ಆದರೆ ಅದು ಬೇರೆಯವರ ನಕ್ಷೆ. ತಾನೇ ವಿನ್ಯಾಸ ಮಾಡಿ ಹಾರಿಸಿದ ಮುಖ್ಯ ವಿಮಾನ ಎಚ್‌ಟಿ-2. ಡಾ. ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ತಯಾರಾಗಿ 1951ರಲ್ಲಿ ಹಾರಿದ ಎರಡು ಸೀಟಿನ ತರಬೇತಿ ವಿಮಾನ. ಮೂತಿಯಲ್ಲಿ ಒಂದು ಪ್ರೊಪೆಲ್ಲರ್, ಅಷ್ಟೇ. ಅಲ್ಲಿಂದ ನೇರವಾಗಿ ಮ್ಯಾಕ್ 2ಕ್ಕೆ ನೆಗೆಯಬೇಕಿತ್ತು.

ಅದಕ್ಕೆ ಹೊರಗಿನಿಂದ ಒಬ್ಬರನ್ನು ಕರೆಸಿದರು. ಅವರೇ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಜರ್ಮನಿಯಲ್ಲಿ ಫಾಕೆ-ವುಲ್ಫ್ 190 ಎಂಬ ಹೆಸರಾಂತ ಯುದ್ಧವಿಮಾನವನ್ನು ವಿನ್ಯಾಸ ಮಾಡಿದವರು. ಸ್ವತಃ ಪೈಲಟ್ ಕೂಡ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿ ಪುಲ್ಕಿ-2 ಎಂಬ ಜೆಟ್ ಮಾಡಿದ್ದರು. 1955ರಲ್ಲಿ ಅಧ್ಯಕ್ಷ ಪೆರೋನ್ ಅಧಿಕಾರ ಕಳೆದುಕೊಂಡಾಗ ಆ ಕೆಲಸವೂ ಕುಸಿಯಿತು. 1956ರ ಆಗಸ್ಟ್‌ನಲ್ಲಿ ಟ್ಯಾಂಕ್ ತಮ್ಮ ಸಹಾಯಕ ಮಿಟ್ಟೆಲ್‌ಹೂಬರ್ ಜೊತೆ ಬೆಂಗಳೂರಿಗೆ ಬಂದಿಳಿದರು. ಅವರ ತಂಡದ ಇನ್ನಷ್ಟು ಜರ್ಮನ್ ಎಂಜಿನಿಯರ್‌ಗಳು ಸೇರಿಕೊಂಡರು.

ಬಂದವರಿಗೆ ಸಿಕ್ಕ ಸೌಕರ್ಯ ತೀರಾ ಕಡಿಮೆ. ಅನುಭವ ಇದ್ದ ಹಿರಿಯ ವಿನ್ಯಾಸಕಾರರು ಬೆರಳೆಣಿಕೆಯಷ್ಟು. ಹೊಸ ವಿಮಾನದ ಮೂಲಮಾದರಿ ಕಟ್ಟಲು ಬೇಕಾದ ಜಾಗ ಮತ್ತು ಯಂತ್ರಗಳು, ವಿಮಾನದ ಮೈ ಎಷ್ಟು ಭಾರ ತಡೆಯುತ್ತದೆ ಅಂತ ನೋಡುವ ಸಾಧನ, ಹಾರಾಟದ ಅಳತೆಗಳನ್ನು ದಾಖಲಿಸುವ ಪ್ರಯೋಗಾಲಯ, ಇದೆಲ್ಲವನ್ನೂ ವಿನ್ಯಾಸದ ಜೊತೆಜೊತೆಗೇ ಕಟ್ಟಿಕೊಳ್ಳಬೇಕಾಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಶಬ್ದಕ್ಕಿಂತ ಜಾಸ್ತಿ ವೇಗದ ಗಾಳಿ ಹಾಯಿಸಿ ಪರೀಕ್ಷಿಸುವ 1.2 ಮೀಟರ್ ವಿಂಡ್ ಟನೆಲ್ ಬಂದಿದ್ದು 1967ರಲ್ಲಿ. ಅಷ್ಟು ಹೊತ್ತಿಗೆ ಮಾರುತ್ ವಾಯುಪಡೆಯ ಸ್ಕ್ವಾಡ್ರನ್ ಸೇರಿಯಾಗಿತ್ತು!

ಮರದ ಮಾರುತ್

ಈ ಇಡೀ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ತೀರ್ಮಾನ ಇಲ್ಲಿದೆ. ಲೋಹದ ವಿಮಾನ ಕಟ್ಟುವ ಮೊದಲು ಅದೇ ಆಕಾರದ, ಅದೇ ಅಳತೆಯ ಗ್ಲೈಡರ್ ಒಂದನ್ನು ಮರದಲ್ಲಿ ಕಟ್ಟಿದರು. ಹೆಸರು ಎಕ್ಸ್-241. ಎಂಜಿನ್ ಇಲ್ಲ. ಇಬ್ಬರು ಕೂರುವ ಜಾಗ. ರೆಕ್ಕೆ, ಬಾಲ, ಫ್ಲ್ಯಾಪ್, ಏರ್ ಬ್ರೇಕ್, ಒಳಗೆ ಮಡಚಿಕೊಳ್ಳುವ ಚಕ್ರಗಳು ಎಲ್ಲವೂ ಮುಂದೆ ಬರಲಿರುವ ವಿಮಾನದಲ್ಲಿ ಇರುವಂತೆಯೇ.

1959ರ ಏಪ್ರಿಲ್‌ನಲ್ಲಿ ಒಂದು ಡಕೋಟಾ ಸಾಗಣೆ ವಿಮಾನ ಈ ಮರದ ಮಾರುತ್ ಅನ್ನು ಹಗ್ಗ ಕಟ್ಟಿ ಎಳೆದುಕೊಂಡು ಮೇಲಕ್ಕೇರಿತು. ಸಾಕಷ್ಟು ಎತ್ತರದಲ್ಲಿ ಹಗ್ಗ ಬಿಟ್ಟ ಮೇಲೆ ಗ್ಲೈಡರ್ ತಾನೇ ಜಾರುತ್ತಾ ಇಳಿಯಬೇಕು. ಹೀಗೆ ಒಟ್ಟು 78 ಹಾರಾಟ ನಡೆದವು. ಕೊನೆಯದರಲ್ಲಿ ಮುಂದಿನ ಚಕ್ರ ಹೊರಗೆ ಬರದೆ, ಇಳಿಯುವಾಗ ಗ್ಲೈಡರ್‌ಗೆ ಪೆಟ್ಟಾಯಿತು. ಅಷ್ಟರಲ್ಲಿ ತಿಳಿಯಬೇಕಾದ್ದನ್ನೆಲ್ಲ ತಿಳಿದುಕೊಂಡಾಗಿತ್ತು.

ಇದರಿಂದ ಏನು ಸಿಕ್ಕಿತು? ಹಿಂದಕ್ಕೆ ಬಾಗಿದ ತೆಳು ರೆಕ್ಕೆಯ ವಿಮಾನ ವೇಗವಾಗಿ ಹೋಗುವಾಗ ಚೆನ್ನಾಗಿರುತ್ತದೆ. ನಿಧಾನವಾದಾಗ ಹೇಗೆ ವರ್ತಿಸುತ್ತದೆ ಅನ್ನೋದೇ ಭಯದ ವಿಷಯ. ಇಳಿಯುವಾಗ ಮೂತಿ ಎಷ್ಟು ಎತ್ತಬೇಕು, ಯಾವ ವೇಗದಲ್ಲಿ ಹಿಡಿತ ತಪ್ಪುತ್ತದೆ, ಪೈಲಟ್ ಕೋಲು ಎಳೆದರೆ ವಿಮಾನ ಎಷ್ಟು ಬೇಗ ಸ್ಪಂದಿಸುತ್ತದೆ, ಇದನ್ನೆಲ್ಲ ಕಾಗದದ ಲೆಕ್ಕದಿಂದ ಪೂರ್ತಿ ನಂಬಲಾಗದು. ಇಲ್ಲಿ ಪೈಲಟ್‌ಗಳು ಜೆಟ್ ವಿಮಾನ ಇನ್ನೂ ಕಾಗದದಲ್ಲಿ ಇರುವಾಗಲೇ ಅದನ್ನು ಕೈಯಲ್ಲಿ ಹಿಡಿದು ನೋಡಿದರು. ಎಂಜಿನಿಯರ್‌ಗಳು ತಮ್ಮ ಲೆಕ್ಕ ಸರಿಯೇ ಅಂತ ಪರೀಕ್ಷಿಸಿಕೊಂಡರು. ಸೌಕರ್ಯ ಇಲ್ಲ ಅಂತ ಕೈಕಟ್ಟಿ ಕೂರದೆ, ಇರುವ ಬಡಗಿ ಕೆಲಸ ಮತ್ತು ಒಂದು ಹಳೆಯ ಡಕೋಟಾ ಬಳಸಿ ಉತ್ತರ ಹುಡುಕಿದ ರೀತಿ ಇದು. ಆದರೆ ಶಬ್ದದ ವೇಗದ ಹತ್ತಿರ ಏನಾಗುತ್ತದೆ ಅಂತ ಗ್ಲೈಡರ್ ಹೇಳಲಾರದು. ಅದಕ್ಕೆ ನಿಜವಾದ ವಿಮಾನವೇ ಬೇಕು.

ಆ ವಿಮಾನ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಹಾರಿತು. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಒಂದು ವಾರದ ಬಳಿಕ, 24ರಂದು, ಆಗಿನ ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಮುಂದೆ ಅಧಿಕೃತ ಪ್ರದರ್ಶನ ನಡೆಯಿತು. ಟ್ಯಾಂಕ್ ಬೆಂಗಳೂರಿಗೆ ಬಂದು ಇನ್ನೂ ಐದು ವರ್ಷ ತುಂಬಿರಲಿಲ್ಲ. ಏನೂ ಇಲ್ಲದ ಕಡೆಯಿಂದ ಹೊರಟ ತಂಡಕ್ಕೆ ಇದು ಯಾವ ಅಳತೆಯಲ್ಲಿ ನೋಡಿದರೂ ದೊಡ್ಡ ಸಾಧನೆ.

ಎಂಜಿನ್ ಎಲ್ಲಿ?

ಮೊದಲ ದಿನ ವಿಮಾನದೊಳಗೆ ಇದ್ದದ್ದು ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿಯ ಆರ್ಫಿಯಸ್ 703 ಎಂಜಿನ್‌ಗಳು. ಇದು ತಾತ್ಕಾಲಿಕ ಏರ್ಪಾಡು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ಟ್ಯಾಂಕ್ ನಂಬಿದ್ದು ಅದೇ ಕುಟುಂಬದ ದೊಡ್ಡಣ್ಣನನ್ನು, ಅಂದರೆ ಆರ್ಫಿಯಸ್ 12 ಅನ್ನು. ಸುಮ್ನೆ ಹಾರುವಾಗ ಸುಮಾರು 3,090 ಕೆಜಿ, ಆಫ್ಟರ್‌ಬರ್ನರ್ ಹೊತ್ತಿಸಿದರೆ 3,700 ಕೆಜಿ ನೂಕುಬಲ. ಎಂಜಿನ್ನಿನ ಹಿಂದಿನ ಕೊಳವೆಯಲ್ಲಿ ಇನ್ನಷ್ಟು ಇಂಧನ ಸುರಿದು ಉರಿಸುವುದೇ ಆಫ್ಟರ್‌ಬರ್ನರ್. ಇಂಧನ ವಿಪರೀತ ಖರ್ಚಾಗುತ್ತದೆ. ಆದರೆ ಶಬ್ದದ ವೇಗ ದಾಟಲು ಬೇಕಾದ ಹೆಚ್ಚಿನ ತಳ್ಳು ಅದರಿಂದಲೇ ಸಿಗುತ್ತದೆ. ಶಬ್ದದ ವೇಗ ಹತ್ತಿರವಾದಂತೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ಅದನ್ನು ತಗ್ಗಿಸಲೆಂದೇ ಟ್ಯಾಂಕ್ ತಂಡ ರೆಕ್ಕೆ ಸೇರುವ ಜಾಗದಲ್ಲಿ ವಿಮಾನದ ನಡುವನ್ನು ಸಣ್ಣ ಮಾಡಿ, ಎರಡು ಎಂಜಿನ್‌ಗಳನ್ನು ಪಕ್ಕಪಕ್ಕ ಬಿಗಿಯಾಗಿ ಜೋಡಿಸಿತ್ತು. ಆಕಾರ ಎಷ್ಟೇ ಚೆನ್ನಾಗಿರಲಿ, ತಳ್ಳು ಸಾಲದಿದ್ದರೆ ಆ ಗೋಡೆ ದಾಟಲು ಆಗದು.

ಆರ್ಫಿಯಸ್ 12 ಆಗ ಇನ್ನೂ ಅಭಿವೃದ್ಧಿಯ ಹಂತದಲ್ಲಿತ್ತು. ನೇಟೋ ದೇಶಗಳ ಹಗುರ ಯುದ್ಧವಿಮಾನಕ್ಕೆ, ಬ್ರಿಟನ್ನಿನ ಪುಟ್ಟ ಯುದ್ಧವಿಮಾನ ನ್ಯಾಟ್‌ನ ಮುಂದಿನ ಮಾದರಿಗೆ ಬೇಕಾಗುತ್ತದೆ ಅನ್ನುವ ನಂಬಿಕೆ ಇತ್ತು. ಆ ಬೇಡಿಕೆಗಳು ಬಿದ್ದುಹೋದವು. ಬ್ರಿಟನ್ ಹಣ ಹಾಕುವುದನ್ನು ನಿಲ್ಲಿಸಿತು. ಎಂಜಿನ್ ಬೇಕಿದ್ದರೆ ಮುಂದಿನ ಅಭಿವೃದ್ಧಿಯ ಖರ್ಚನ್ನು ಭಾರತ ಹೊರಬೇಕು ಅನ್ನುವ ಸ್ಥಿತಿ ಬಂತು. ಭಾರತ ಒಪ್ಪಲಿಲ್ಲ.

ನನ್ನ ದೃಷ್ಟಿಯಲ್ಲಿ ಮಾರುತ್‌ನ ಭವಿಷ್ಯ ತೀರ್ಮಾನವಾಗಿದ್ದು ಇಲ್ಲಿಯೇ. ಇನ್ನೂ ತಯಾರಾಗದ ಎಂಜಿನ್ ನೆಚ್ಚಿಕೊಂಡು ವಿಮಾನ ಮಾಡಿದ್ದನ್ನು ನಾನು ದೂರುವುದಿಲ್ಲ. ಆ ಕಾಲದಲ್ಲಿ ಎಲ್ಲ ದೇಶಗಳೂ ಹಾಗೇ ಮಾಡುತ್ತಿದ್ದವು. ಇಲ್ಲದಿದ್ದರೆ ವಿಮಾನ ಸಿದ್ಧವಾಗುವ ಹೊತ್ತಿಗೆ ಎಂಜಿನ್ ಹಳತಾಗಿರುತ್ತಿತ್ತು. ಆದರೆ ಬೇರೆ ಗಿರಾಕಿಗಳೆಲ್ಲ ಎದ್ದುಹೋದ ಮೇಲೆ, ಆ ಎಂಜಿನ್ ಬೇಕಾಗಿದ್ದ ಒಂದೇ ದೇಶ ಭಾರತ. ಆಗ ಹಣ ಕೊಟ್ಟು ಅದನ್ನು ಪೂರ್ತಿ ಮಾಡಿಸಬೇಕಿತ್ತು. ಇಲ್ಲವೇ ಮ್ಯಾಕ್ 2ರ ಗುರಿಯನ್ನು ಅಂದೇ ಕೈಬಿಟ್ಟು, ಇರುವ ಎಂಜಿನ್ನಿಗೆ ಹೊಂದುವ ದಾಳಿ ವಿಮಾನವಾಗಿ ಅದನ್ನು ಬೆಳೆಸಬೇಕಿತ್ತು. ಎರಡೂ ಆಗಲಿಲ್ಲ. ಇಂದಲ್ಲ ನಾಳೆ ಒಳ್ಳೆಯ ಎಂಜಿನ್ ಸಿಗುತ್ತದೆ ಅನ್ನುವ ಆಸೆಯಲ್ಲಿ ಹತ್ತು ವರ್ಷ ಕಳೆಯಿತು. ವಿದೇಶಿ ವಿನಿಮಯಕ್ಕೆ ಆಗ ಎಷ್ಟು ಬರವಿತ್ತು ಅನ್ನೋದು ಗೊತ್ತಿದ್ದೂ ಈ ಮಾತು ಹೇಳುತ್ತಿದ್ದೇನೆ. ಆಮೇಲಿನ ಹುಡುಕಾಟಕ್ಕೆ ಹೋದ ಸಮಯ ಮತ್ತು ಜೀವಗಳ ಬೆಲೆ ಕಡಿಮೆಯೇನಲ್ಲ.

ಎಂಜಿನ್ ಬದಲಿಸೋದು ಅಷ್ಟು ಕಷ್ಟವೇ ಅಂತ ಕೆಲವರು ಕೇಳುತ್ತಾರೆ. ಹೌದು, ಕಷ್ಟ. ಆರ್ಫಿಯಸ್ ಸಪೂರಾದ ಎಂಜಿನ್. ಅದರ ಅಳತೆಗೆ ಸರಿಯಾಗಿ ವಿಮಾನದ ಮೈ ಹೊಲಿದಾಗಿತ್ತು. ದಪ್ಪ ಎಂಜಿನ್ ತಂದರೆ ಹಿಂಭಾಗ ಉಬ್ಬುತ್ತದೆ, ಗಾಳಿಯ ತಡೆ ಏರುತ್ತದೆ. ಭಾರವಾದದ್ದು ತಂದರೆ ವಿಮಾನದ ತೂಕದ ನಡುಬಿಂದು ಹಿಂದಕ್ಕೆ ಸರಿಯುತ್ತದೆ. ಹೆಚ್ಚು ಗಾಳಿ ಎಳೆಯುವ ಎಂಜಿನ್ ಆದರೆ ಪಕ್ಕದ ಗಾಳಿಬಾಯಿಗಳನ್ನೂ ಬದಲಿಸಬೇಕು.

ರಷ್ಯಾದ ಕಡೆ ನೋಡಿದರು. ಮಿಗ್-19ರಲ್ಲಿ ಬಳಸಿದ ಆರ್‌ಡಿ-9 ಕುಟುಂಬದ ಎಂಜಿನ್ ಪರಿಶೀಲನೆಗೆ ಬಂತು. ನೂಕುಬಲವೇನೋ ಇತ್ತು. ಆದರೆ ಒಳಗಿನ ಗಾಳಿಯ ಹರಿವು ಮುಗ್ಗರಿಸುವ ಸರ್ಜ್ ಎಂಬ ತೊಂದರೆ ಕಾಡಿತು. ಒಂದು ಸಲ ಬಿಚ್ಚಿ ದುರಸ್ತಿ ಮಾಡಿದ ಮೇಲೆ ಮತ್ತೆ ಬಿಚ್ಚುವ ತನಕ ಸಿಗುವ ಗಂಟೆಗಳೂ ಕಡಿಮೆ. ಅದನ್ನು ಬಿಟ್ಟರು.

ಹೆಲ್ವಾನ್ ದಾರಿ

ಆಮೇಲಿನ ಪ್ರಯತ್ನ ಈಜಿಪ್ಟಿನದು. ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ಬೇರೆ ಎಲ್ಲೂ ನಡೆಯದಂಥ ಸಂಗತಿ.

ನಾಸರ್ ಕಾಲದ ಈಜಿಪ್ಟ್ ಕೂಡ ತನ್ನದೇ ಯುದ್ಧವಿಮಾನ ಕಟ್ಟುತ್ತಿತ್ತು. ಹೆಸರು ಎಚ್‌ಎ-300. ಅದರ ವಿನ್ಯಾಸಕಾರ ವಿಲ್ಲಿ ಮೆಸ್ಸರ್‌ಶ್ಮಿಟ್, ಯುದ್ಧಕಾಲದ ಜರ್ಮನಿಯಲ್ಲಿ ಕುರ್ಟ್ ಟ್ಯಾಂಕ್ ಅವರ ದೊಡ್ಡ ಪ್ರತಿಸ್ಪರ್ಧಿ. ಅದಕ್ಕೆ ಬೇಕಾದ ಇ-300 ಎಂಜಿನ್ ಅನ್ನು ಕೈರೋ ಹತ್ತಿರದ ಹೆಲ್ವಾನ್‌ನಲ್ಲಿ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಅಭಿವೃದ್ಧಿ ಮಾಡುತ್ತಿದ್ದರು. ಯುದ್ಧದ ನಂತರ ಸೋವಿಯತ್ ಸೆರೆಯಲ್ಲಿದ್ದು ಅಲ್ಲಿನ ಭಾರೀ ಟರ್ಬೊಪ್ರಾಪ್ ಎಂಜಿನ್‌ಗಳ ಮೇಲೆ ಕೆಲಸ ಮಾಡಿದ್ದವರು ಅವರು. ಭಾರತದ ಬಳಿ ವಿಮಾನ ಇದೆ, ಎಂಜಿನ್ ಇಲ್ಲ. ಈಜಿಪ್ಟಿನ ಬಳಿ ಎಂಜಿನ್ ಬರುತ್ತಿದೆ, ಅದನ್ನು ಹಾರಿಸಿ ನೋಡಲು ವಿಮಾನ ಬೇಕು. ಎರಡೂ ಅಲಿಪ್ತ ದೇಶಗಳು. ಕೈ ಜೋಡಿಸದೆ ಇರಲು ಕಾರಣವೇ ಇರಲಿಲ್ಲ ಅಲ್ವಾ?

1964ರ ಮಾರ್ಚ್‌ನಲ್ಲಿ ಎಚ್‌ಎ-300 ಮೊದಲ ಸಲ ಹಾರಿದಾಗ ಅದನ್ನು ಹಾರಿಸಿದ್ದು ಭಾರತದ ಟೆಸ್ಟ್ ಪೈಲಟ್ ಕಪಿಲ್ ಭಾರ್ಗವ. ಬಳಿಕ ಒಂದು ಮಾರುತ್ ಹೆಲ್ವಾನ್‌ಗೆ ಹೋಯಿತು. ಅದರ ಒಂದು ಬದಿಯ ಆರ್ಫಿಯಸ್ ತೆಗೆದು ಇ-300 ಕೂರಿಸಿದರು. ಇನ್ನೊಂದು ಬದಿಯಲ್ಲಿ ಆರ್ಫಿಯಸ್ ಹಾಗೇ ಇತ್ತು. ಎರಡು ಬೇರೆ ಬೇರೆ ಎಂಜಿನ್ ಹೊತ್ತ ಆ ಮಾರುತ್ 1967ರ ಮಾರ್ಚ್ ಕೊನೆಯಲ್ಲಿ ಹಾರಿತು. ಎರಡೇ ತಿಂಗಳ ನಂತರ ಜೂನ್ ಯುದ್ಧ. ಇಸ್ರೇಲ್ ಎದುರು ಸೋತ ಈಜಿಪ್ಟಿನ ಖಜಾನೆಯಲ್ಲಿ ಇಂಥ ಪ್ರಯೋಗಗಳಿಗೆ ಹಣ ಉಳಿಯಲಿಲ್ಲ. 1969ರಲ್ಲಿ ಯೋಜನೆ ಮುಚ್ಚಿತು. ಭಾರತದ ತಂಡ ಬರಿಗೈಯಲ್ಲಿ ವಾಪಸ್ಸಾಯಿತು. ಟ್ಯಾಂಕ್ ಅಷ್ಟರಲ್ಲಿ ಎಚ್‌ಎಎಲ್ ಬಿಟ್ಟಾಗಿತ್ತು. 1967ರಲ್ಲೇ ಅವರು ಹೊರಟುಹೋಗಿದ್ದರು.

ಕೊನೆಗೆ ಮನೆಯಲ್ಲೇ ಉತ್ತರ ಹುಡುಕಿದರು. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಅಂದರೆ ಜಿಟಿಆರ್‌ಇ, ಆರ್ಫಿಯಸ್ 703ಕ್ಕೆ ಆಫ್ಟರ್‌ಬರ್ನರ್ ಅಳವಡಿಸಿತು. ನೂಕುಬಲ ಶೇ. 18ರಷ್ಟು ಏರಿತು, ತಲಾ 2,600 ಕೆಜಿ ಹತ್ತಿರ. ಕೆಲಸದ ದೃಷ್ಟಿಯಿಂದ ಮೆಚ್ಚತಕ್ಕದ್ದೇ. ಆದರೆ ಹೊಸ ಕೊಳವೆಗಳಿಗೆ ಜಾಗ ಮಾಡಲು ವಿಮಾನದ ಹಿಂಭಾಗ ದಪ್ಪವಾಯಿತು. ಗಾಳಿಯ ತಡೆ ಜಾಸ್ತಿಯಾಗಿ, ಗಳಿಸಿದ್ದರಲ್ಲಿ ಒಂದಷ್ಟು ಅಲ್ಲೇ ಕರಗಿತು.

ಈ ಮಾದರಿಯ ವಿಮಾನವನ್ನು 1970ರ ಜನವರಿ 10ರಂದು ಹಾರಿಸಲು ಹೊರಟವರು ಸುರಂಜನ್ ದಾಸ್, ಆ ಹೊತ್ತಿಗೆ ಗ್ರೂಪ್ ಕ್ಯಾಪ್ಟನ್. ಬೆಂಗಳೂರಿನಲ್ಲೇ ವಿಮಾನ ಅಪ್ಪಳಿಸಿ ಅವರು ತೀರಿಕೊಂಡರು. ಮೊದಲ ಮಾರುತ್ ಅನ್ನು ಆಕಾಶಕ್ಕೆ ಒಯ್ದ ಪೈಲಟ್ ಅದಕ್ಕೆ ಬೇಕಾದ ಬಲ ತುಂಬುವ ಪ್ರಯತ್ನದಲ್ಲೇ ಜೀವ ಕೊಟ್ಟರು. ಎಚ್‌ಎಎಲ್ ಪಕ್ಕದಲ್ಲಿ ಹಾದುಹೋಗುವ ಸುರಂಜನ್ ದಾಸ್ ರಸ್ತೆಗೆ ಅವರದೇ ಹೆಸರು. ಅಲ್ಲಿನ ಟ್ರಾಫಿಕ್ಕಿನಲ್ಲಿ ದಿನಾ ಸಿಕ್ಕಿಹಾಕಿಕೊಳ್ಳುವ ಬೆಂಗಳೂರಿಗರಿಗೆ ಅವರು ಯಾರೆಂದು ತಿಳಿದಿರಬೇಕು ಅಂತ ನನ್ನ ಆಸೆ.

ಕೇಳಿದ್ದು ಒಂದು, ಮಾಡಿದ್ದು ಇನ್ನೊಂದು

ಎಂಜಿನ್ ಹುಡುಕಾಟ ಒಂದು ಕಡೆ ನಡೆಯುತ್ತಿರುವಾಗಲೇ ಆರ್ಫಿಯಸ್ 703 ಇರುವ ಮಾರುತ್‌ಗಳು ಕಾರ್ಖಾನೆಯಿಂದ ಹೊರಬರತೊಡಗಿದ್ದವು. 1964ರ ಮೇ ತಿಂಗಳಲ್ಲಿ ಮೊದಲ ಎರಡನ್ನು ವಾಯುಪಡೆಗೆ ಕೊಟ್ಟರು. 1967ರಲ್ಲಿ 10ನೇ ಸ್ಕ್ವಾಡ್ರನ್‌ಗೆ ಇವು ಬಂದವು, ಆಮೇಲೆ 220ನೇ ಸ್ಕ್ವಾಡ್ರನ್‌ಗೆ, ಕೊನೆಗೆ 31ನೆಯದಕ್ಕೆ. ತರಬೇತಿಯ 18 ವಿಮಾನ ಸೇರಿ ಒಟ್ಟು 147 ಕಟ್ಟಿದರು. ಅವುಗಳ ವೇಗ ಶಬ್ದದ ವೇಗದ ಹತ್ತಿರಕ್ಕೇ ನಿಂತಿತು. ಮ್ಯಾಕ್ 2ರ ಕೆಲಸಕ್ಕೆ ವಾಯುಪಡೆ ಮಿಗ್-21 ತಂದುಕೊಂಡಿತ್ತು.

ಬೇರೆ ಕೊರತೆಗಳೂ ಇದ್ದವು. ಮೂತಿಯಲ್ಲಿ 30 ಮಿಲಿಮೀಟರಿನ ನಾಲ್ಕು ಏಡನ್ ತೋಪುಗಳಿದ್ದವು. ನಾಲ್ಕನ್ನೂ ಒಟ್ಟಿಗೆ ಹಾರಿಸಿದರೆ ವಿಮಾನ ವಿಪರೀತ ನಡುಗುತ್ತಿತ್ತು. ಹಾಗಾಗಿ ಎರಡನ್ನೇ ಬಳಸುವುದು ರೂಢಿಯಾಯಿತು. ಬಿಡಿಭಾಗಗಳ ಪೂರೈಕೆ ಸದಾ ತಲೆನೋವು. ಎಲ್ಲ ತಪ್ಪನ್ನೂ ಎಂಜಿನ್ ತಲೆಗೆ ಕಟ್ಟಲಾಗದು, ಇವು ಬೆಂಗಳೂರಿನಲ್ಲೇ ಬಗೆಹರಿಯಬೇಕಿದ್ದ ವಿಷಯಗಳು.

ಆದರೆ 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಬಂದಾಗ ಈ ವಿಮಾನದ ಇನ್ನೊಂದು ಗುಣ ಕಂಡಿತು. ಜೋಧಪುರ ಮತ್ತು ಉತ್ತರಲಾಯಿ ನೆಲೆಗಳಿಂದ ಹೊರಟ ಎರಡು ಸ್ಕ್ವಾಡ್ರನ್‌ಗಳು ರಾಜಸ್ಥಾನ, ಸಿಂಧ್ ಮರುಭೂಮಿಯ ಮೇಲೆ ಎರಡು ವಾರದಲ್ಲಿ 300ಕ್ಕೂ ಹೆಚ್ಚು ಸಲ ಹಾರಿದವು. ಟ್ಯಾಂಕು, ರೈಲು, ಮದ್ದುಗುಂಡಿನ ದಾಸ್ತಾನು ಅವುಗಳ ಗುರಿ. ತೀರಾ ಕೆಳಗೆ, ಬಿಸಿಗಾಳಿಯ ಕುಲುಕಾಟದಲ್ಲಿ ಮಾರುತ್ ಅಲುಗಾಡದೆ ಹಾರುತ್ತಿತ್ತು. ಮ್ಯಾಕ್ 2ಕ್ಕೆಂದು ಕೊಟ್ಟ ಗಟ್ಟಿ ಮೈ, ಚಿಕ್ಕ ರೆಕ್ಕೆ ಇಲ್ಲಿ ವರವಾಯಿತು. ಕಡೇಪಕ್ಷ ಮೂರು ಸಂದರ್ಭಗಳಲ್ಲಿ ನೆಲದ ಗುಂಡೇಟಿಗೆ ಒಂದು ಎಂಜಿನ್ ಹೋದರೂ ಇನ್ನೊಂದರ ಬಲದಲ್ಲಿ ವಿಮಾನ ನೆಲೆಗೆ ಮರಳಿತು. ಆಕಾಶದ ಕಾಳಗದಲ್ಲಿ ಒಂದೂ ಮಾರುತ್ ಬೀಳಲಿಲ್ಲ. ಡಿಸೆಂಬರ್ 7ರಂದು 220ನೇ ಸ್ಕ್ವಾಡ್ರನ್ನಿನ ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿ ಪಾಕಿಸ್ತಾನದ ಒಂದು ಸೇಬರ್ ವಿಮಾನವನ್ನೂ ಹೊಡೆದುರುಳಿಸಿದ್ದಾಗಿ ದಾಖಲಾಯಿತು. ಮಾರುತ್ ಪೈಲಟ್‌ಗಳಿಗೆ ಮೂರು ವೀರಚಕ್ರ ಬಂದವು.

ಹಾಗಾದರೆ ಇದೇ ಅದರ ಸರಿಯಾದ ಕೆಲಸವಾಗಿತ್ತು. ಹತ್ತು ವರ್ಷ ಮೊದಲೇ ಇದನ್ನು ಒಪ್ಪಿಕೊಂಡು ತೋಪಿನ ನಡುಕ ಸರಿಪಡಿಸಿ, ಗುರಿ ಹಿಡಿಯುವ ಉಪಕರಣ ಸುಧಾರಿಸಿ, ಬಿಡಿಭಾಗಗಳ ಏರ್ಪಾಡು ಮಾಡಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಯುದ್ಧದ ನಂತರವಾದರೂ ಅದು ಆಗಬಹುದಿತ್ತು. ಮಾಡಿದ್ದು ಮತ್ತೆ ಅದೇ. ಎಚ್‌ಎಫ್-73 ಎಂಬ ಹೊಸ ರೂಪವನ್ನು ಜರ್ಮನ್ ಕಂಪನಿಯೊಂದರ ಜೊತೆ ಸೇರಿ ಕಲ್ಪಿಸಿಕೊಂಡರು. ಅದೂ ನಿಂತಿದ್ದು ಯುರೋಪಿನ ಆರ್‌ಬಿ-199 ಎಂಬ ಎಂಜಿನ್ ಮೇಲೆ. ಆ ಎಂಜಿನ್ ಸಿಗಲಿಲ್ಲ, ಯೋಜನೆ ಕಡತದಲ್ಲಿ ಉಳಿಯಿತು.

1980ರ ದಶಕದಲ್ಲಿ ಮಾರುತ್‌ಗಳನ್ನು ಹಂತಹಂತವಾಗಿ ಸೇವೆಯಿಂದ ತೆಗೆದರು. ಕೆಲವು ವಿಮಾನಗಳಲ್ಲಿ ಇನ್ನೂ ಎಷ್ಟೋ ಗಂಟೆ ಹಾರುವ ಆಯುಸ್ಸು ಉಳಿದಿತ್ತು. ಅದಕ್ಕಿಂತ ದೊಡ್ಡ ನಷ್ಟ ಜನರದ್ದು. ಕಿರಣ್ ತರಬೇತಿ ವಿಮಾನ, ನ್ಯಾಟ್ ಅನ್ನು ಸುಧಾರಿಸಿದ ಅಜೀತ್, ಹೀಗೆ ಎಚ್‌ಎಎಲ್‌ನಲ್ಲಿ ಬೇರೆ ಕೆಲಸಗಳು ನಡೆದವು. ಆದರೆ ಖಾಲಿ ಹಾಳೆಯಿಂದ ಯುದ್ಧವಿಮಾನ ಮಾಡುವುದನ್ನು ಕಲಿತ ತಂಡ ಚದುರಿಹೋಯಿತು. ಬೆಂಗಳೂರಿನಿಂದ ಮುಂದಿನ ಹೊಸ ಯುದ್ಧವಿಮಾನ ಹಾರಿದ್ದು 2001ರ ಜನವರಿ 4ರಂದು, ಮಾರುತ್ ಹಾರಿ ಸುಮಾರು 40 ವರ್ಷ ಆದ ಮೇಲೆ. ಅದೇ ಇಂದಿನ ತೇಜಸ್.

ತೇಜಸ್‌ಗೆಂದು ಜಿಟಿಆರ್‌ಇ ಕೈಗೆತ್ತಿಕೊಂಡ ಎಂಜಿನ್ ಕಾವೇರಿ. ಅದು ಬೇಕಾದ ಮಟ್ಟ ಮುಟ್ಟದ ಕಾರಣ 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಿದರು. ವಿಮಾನ ಹಾರುತ್ತಿರುವುದು ಅಮೆರಿಕದ ಜಿಇ ಕಂಪನಿಯ ಎಫ್-404 ಎಂಜಿನ್ ಬಲದಲ್ಲಿ. 2021ರಲ್ಲಿ ವಾಯುಪಡೆಗಾಗಿ 73 ತೇಜಸ್ ಮಾರ್ಕ್ 1ಎ ಯುದ್ಧವಿಮಾನ ಮತ್ತು 10 ತರಬೇತಿ ವಿಮಾನ, ಒಟ್ಟು 83 ತೇಜಸ್‌ಗಳಿಗೆ ಆರ್ಡರ್ ಕೊಟ್ಟರು. ಅವುಗಳ ಮೊದಲ ಎಂಜಿನ್ ಜಿಇ ಕೈಯಿಂದ ಎಚ್‌ಎಎಲ್‌ಗೆ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ, ಹೇಳಿದ ಸಮಯಕ್ಕಿಂತ ಬಹಳ ತಡವಾಗಿ.